ಅಪ್ಪ ಹೇಳಿಕೊಂಡ ಹರಕೆಯಾಟವನ್ನು ನಂಬಿಕೆಯಿಲ್ಲದ ಮಗ ಆಡಿಸಬಹುದೇ?

ಪ್ರಶ್ನೆ: ಪುಣೆಯಲ್ಲಿರುವ ಬೆಳ್ತಂಗಡಿಯವ

ಎಲ್ಲರಿಗೂ ನಮಸ್ಕಾರ. ಯಕ್ಷಗಾನವನ್ನು ಬಲ್ಲವರೂ ಹರಕೆಯೆಂಬುದನ್ನು ಮನೆಯೊಳಗಿನಿಂದ ಕಂಡವರೂ ಇಲ್ಲಿರುವುದರಿಂದ, ಎರಡು ತಿಂಗಳಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯೊಂದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

1996ರ ಮಳೆಗಾಲದಲ್ಲಿ, ನನಗೆ 9 ವರ್ಷವಾಗಿದ್ದಾಗ, ಮಿದುಳು ಜ್ವರ ಬಂದು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ 23 ದಿನ ಇದ್ದೆ. ಮೊದಲ 6 ದಿನ ನನಗೆ ಪ್ರಜ್ಞೆಯೇ ಇರಲಿಲ್ಲವಂತೆ. ಅದರಲ್ಲೊಂದು ರಾತ್ರಿ ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು, ಮಗ ಎದ್ದು ಮನೆಗೆ ಬಂದರೆ ದೇವಿ ಅಮ್ಮನವರ ಹೆಸರಿನಲ್ಲಿ ಒಂದು ಯಕ್ಷಗಾನದ ಆಟ ಆಡಿಸುತ್ತೇನೆಂದು ಹರಕೆ ಹೇಳಿಕೊಂಡರು. ನಾನು ಎದ್ದೆ. ಆದರೆ ಎರಡು ಎಕರೆ ಅಡಿಕೆ ತೋಟದ ಆದಾಯದಲ್ಲಿ ಆಸ್ಪತ್ರೆಯ ಸಾಲ ತೀರುವುದಕ್ಕೇ ವರ್ಷಗಳು ಹಿಡಿದವು. ಅಪ್ಪ ಮೇಳಕ್ಕೆ, ಅಂದರೆ ಯಕ್ಷಗಾನ ತಂಡಕ್ಕೆ, ಹೋಗಿ ಹೆಸರು ಬರೆಸಿದ್ದು 2004ರಲ್ಲಿ. ನಮ್ಮ ಕಡೆಯ ಹೆಸರಾಂತ ಮೇಳಗಳಲ್ಲಿ ಹರಕೆಯಾಟದ ಸರದಿಗೆ ಎಷ್ಟು ಕಾಲ ಕಾಯಬೇಕಾಗುತ್ತದೆ ಎಂಬುದು ಕರಾವಳಿಯವರಿಗೆ ಗೊತ್ತೇ ಇದೆ. ಅಪ್ಪ ಕಾಯುತ್ತಲೇ ಇದ್ದು, ನಾಲ್ಕು ವರ್ಷಗಳ ಹಿಂದೆ ತೀರಿಕೊಂಡರು. ಈಗ ಸರದಿ ಬಂದಿದೆ. ಮೇಳ ಊರೂರು ಸುತ್ತುವ ಮುಂದಿನ ತಿರುಗಾಟದಲ್ಲಿ ನಮ್ಮ ಗದ್ದೆಯಲ್ಲಿ ‘ದೇವಿ ಮಹಾತ್ಮೆ’ ಆಡಿಸಲು ದಿನ ಗೊತ್ತುಮಾಡಿಕೊಳ್ಳಬೇಕೆಂದು ಮನೆಗೆ ಪತ್ರ ಬಂದಿದೆ.

ನನ್ನ ತೊಡಕೆಂದರೆ, ನನಗೆ ದೇವರಲ್ಲಿ ನಂಬಿಕೆಯಿಲ್ಲ. ಅದು ಹಟದಿಂದ ಬಿಟ್ಟದ್ದಲ್ಲ. ಇಪ್ಪತ್ತರ ಹರೆಯದಲ್ಲಿ ತಾನಾಗಿ ಸವೆದುಹೋಯಿತು, ಮತ್ತೆ ಮರಳಲಿಲ್ಲ. ನನ್ನನ್ನು ಉಳಿಸಿದ್ದು ಆ ವೈದ್ಯರು, ರಾತ್ರಿಯಿಡೀ ಎಚ್ಚರವಿದ್ದ ದಾದಿಯರು ಮತ್ತು ಹೊತ್ತಿಗೆ ಸರಿಯಾಗಿ ಸಿಕ್ಕ ಔಷಧ ಎಂದೇ ತಿಳಿದಿದ್ದೇನೆ. ಹಾಗಿರುವಾಗ, ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ದೇವರ ಮುಂದೆ ನಿಂತು, ನನ್ನ ಹೆಸರು ನಕ್ಷತ್ರ ಹೇಳಿ ಪ್ರಾರ್ಥನೆ ಮಾಡುವಾಗ ಹೌದೆಂಬಂತೆ ತಲೆಬಾಗಿದರೆ, ಅದು ಅಮ್ಮನಿಗೂ ಕಲಾವಿದರಿಗೂ ತೀರಿಹೋದ ಅಪ್ಪನಿಗೂ ಒಟ್ಟಿಗೇ ಹೇಳಿದ ಸುಳ್ಳಾಗುವುದಿಲ್ಲವೇ? ಅದೇ ಹಣವನ್ನು ಮಕ್ಕಳ ಚಿಕಿತ್ಸೆಗೆ ಕೊಟ್ಟರೆ ಹರಕೆಯ ಹಿಂದಿದ್ದ ಅಪ್ಪನ ಸಂಕಟಕ್ಕೆ ಹೆಚ್ಚು ನ್ಯಾಯ ಸಲ್ಲಿಸಿದಂತಾಗುವುದಿಲ್ಲವೇ ಎಂದೂ ಅನಿಸುತ್ತದೆ.

ಇನ್ನೊಂದು ಮಾತನ್ನೂ ಹೇಳಬೇಕು. ನಾನು ಆಟವನ್ನು ಪ್ರೀತಿಸುವವನು. ಪುಣೆಯಲ್ಲಿ ಕರಾವಳಿಯವರು ಆಟ ಏರ್ಪಡಿಸಿದಾಗಲೆಲ್ಲ ಹೋಗಿದ್ದೇನೆ. ಚೆಂಡೆಯ ಪೆಟ್ಟು ಕಿವಿಗೆ ಬಿದ್ದರೆ ಇಂದಿಗೂ ಮೈ ನವಿರೇಳುತ್ತದೆ. ಅಪ್ಪ ಹೇಳಿಕೊಂಡದ್ದೂ ನಾನು ಪ್ರೀತಿಸುವುದೂ ಒಂದೇ ವಸ್ತುವೇ, ಅಥವಾ ಒಂದೇ ಹೆಸರಿನ ಎರಡು ಬೇರೆ ವಸ್ತುಗಳೇ ಎಂಬುದು ನನಗೆ ತಿಳಿಯುತ್ತಿಲ್ಲ. ಅಮ್ಮನಿಗೆ ಈಗ 74 ವರ್ಷ. ಅವರು ಒತ್ತಾಯ ಮಾಡಿಲ್ಲ. “ನಿನಗೆ ಸರಿ ಕಂಡದ್ದನ್ನು ಮಾಡು” ಎಂದಷ್ಟೇ ಹೇಳಿ, 2004ರ ರಶೀದಿಯನ್ನು ತಮ್ಮ ಎಲೆಯಡಿಕೆ ಪೆಟ್ಟಿಗೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು. ಒತ್ತಾಯವೇ ಇದಕ್ಕಿಂತ ಹಗುರವಾಗಿರುತ್ತಿತ್ತು.

ಉತ್ತರ: ಬಣ್ಣದ ವೇಷದವ, 22ನೆಯ ತಿರುಗಾಟ

ನಮಸ್ಕಾರ. ನಾನು ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಹರಕೆ ಮೇಳವೊಂದರಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸರ ವೇಷ, ಮಾಡುವವನು. ‘ದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರನ ವೇಷ ಹೆಚ್ಚಾಗಿ ನನ್ನ ಪಾಲಿಗೆ ಬರುತ್ತದೆ. ತಮ್ಮ ಪ್ರಶ್ನೆಯನ್ನು ಚೌಕಿಯಲ್ಲಿ ಇನ್ನಿಬ್ಬರು ಕಲಾವಿದರಿಗೂ ಓದಿ ಹೇಳಿದೆ.

ಮೊದಲು ಚೌಕಿಯ ವಿಷಯ. ಸಂಜೆ ಗಣಪತಿಯ ಮುಂದೆ ದೀಪ ಹಚ್ಚಿದ ಮೇಲೆ ಮನೆಯವರು ಬಂದು ನಿಲ್ಲುತ್ತಾರೆ. ಅಲ್ಲಿ ನಿಂತವರ ನಂಬಿಕೆಯನ್ನು ತೂಗಿ ನೋಡುವವರು ಯಾರೂ ಇಲ್ಲ. ಇಷ್ಟು ವರ್ಷಗಳಲ್ಲಿ ನಾನು ಕಂಡ ಮನೆಯವರಲ್ಲಿ ಕಣ್ಣೀರು ಸುರಿಸಿದವರಿದ್ದಾರೆ, ಅಡುಗೆಯ ಲೆಕ್ಕ ಹಾಕುತ್ತ ನಿಂತವರಿದ್ದಾರೆ, ಅಣ್ಣತಮ್ಮಂದಿರ ಜಗಳದ ನಡುವೆ ಮುಖ ಗಂಟುಹಾಕಿಕೊಂಡೇ ಪ್ರಸಾದ ತೆಗೆದುಕೊಂಡವರಿದ್ದಾರೆ. ನಮ್ಮೊಳಗೂ ಹಾಗೆಯೇ. ದೇವಿಯ ವೇಷ ಮಾಡುವ ನಮ್ಮ ಹಿರಿಯರು ಆ ದಿನ ಒಪ್ಪತ್ತು ಊಟ ಮಾಡಿ ವ್ರತದಲ್ಲಿರುತ್ತಾರೆ. ಅವರಿಗೆ ಅದು ವೇಷವಲ್ಲ. ಅವರ ಪಕ್ಕದಲ್ಲೇ ಕೂತು ಬಣ್ಣ ಹಚ್ಚಿಕೊಳ್ಳುವ ಇನ್ನೊಬ್ಬನಿಗೆ ಇದು ಪ್ರೀತಿಯಿಂದ ಮಾಡುವ ಕೆಲಸ, ಮನೆ ನಡೆಸುವ ದುಡಿಮೆ. ಇಬ್ಬರೂ ಒಂದೇ ರಂಗಸ್ಥಳಕ್ಕೆ ಏರುತ್ತಾರೆ, ಇಬ್ಬರ ಕಾಲಿಗೂ ಒಂದೇ ಗೆಜ್ಜೆ.

ಎರಡನೆಯದು ನನ್ನ ವೇಷದ ಮಾತು, ಇದನ್ನು ತಾವು ದಯವಿಟ್ಟು ಗಮನಿಸಬೇಕು. ಅಕ್ಕಿಹಿಟ್ಟು ಸುಣ್ಣ ಬೆರೆಸಿದ ಚುಟ್ಟಿಯನ್ನು ಮುಖದ ಮೇಲೆ ಸಾಲುಸಾಲಾಗಿ ಇಟ್ಟುಕೊಳ್ಳಲು ನನಗೆ ಮೂರು ಗಂಟೆಯಾದರೂ ಬೇಕು. ಅಷ್ಟು ಹೊತ್ತು ಕನ್ನಡಿಯ ಮುಂದೆ ಕೂತು ನಾನು ಸಿದ್ಧನಾಗುವುದು ಯಾರ ಪರವಾಗಿ? ದೇವಿಯನ್ನು ಒಪ್ಪದವನ ಪರವಾಗಿ. ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವವನಲ್ಲ. ದೊಂದಿಯ ಬೆಳಕಿನಲ್ಲಿ, ರಾಳದ ಬೆಂಕಿಯ ನಡುವೆ, ಜನರ ಮಧ್ಯದಿಂದಲೇ ಎದ್ದು ಬರುತ್ತಾನೆ. ಬಂದು ಸ್ವರ್ಗವನ್ನು ಪ್ರಶ್ನಿಸುತ್ತಾನೆ, ದೇವತೆಗಳ ಅಧಿಕಾರವನ್ನು ಪ್ರಶ್ನಿಸುತ್ತಾನೆ. ಆ ಅರ್ಥವನ್ನು, ಅಂದರೆ ಪಾತ್ರದ ಮಾತನ್ನು, ನಾನು ಅರೆಮನಸ್ಸಿನಿಂದ ಹೇಳಿದರೆ ಮರುದಿನ, ಹಾಡಿ ಆಟ ನಡೆಸುವ ಭಾಗವತರು ನನ್ನನ್ನು ಕರೆದು ಕೇಳುತ್ತಾರೆ. ಹಿರಣ್ಯಕಶಿಪು ಮಾಡುವವನು ಹರಿಯಿಲ್ಲ ಎಂಬುದನ್ನು ಮನಸ್ಸಿಗೆ ನಾಟುವಂತೆ ವಾದಿಸದಿದ್ದರೆ ಪ್ರಹ್ಲಾದನ ಮಾತಿಗೆ ತೂಕ ಬರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ವೇಷವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯಲ್ಲಿ ವಾಲಿಯಾಗಿ ಕೂತು ರಾಮನನ್ನು ಕೇಳಿದ ಪ್ರಶ್ನೆಗಳನ್ನು ನೆನೆಯುವವರು ಇಂದಿಗೂ ಇದ್ದಾರೆ. ಕೇಳಿದವರು ಅವರನ್ನು ಧರ್ಮದ್ರೋಹಿ ಎನ್ನಲಿಲ್ಲ, ಅಣಿಯಾಗಿ ಬಂದ ಅರ್ಥಧಾರಿ ಎಂದು ಗೌರವಿಸಿದರು. ಒಪ್ಪದವನಿಗೆ ಕಿರೀಟ ಕಟ್ಟಿ, ಅವನ ಮಾತು ಮುಗಿಯುವವರೆಗೆ ಚೆಂಡೆ ನಿಲ್ಲಿಸಿ ಕಾಯುವ ಈ ಆಟದಲ್ಲಿ, ತಮ್ಮಂಥವರು ಗದ್ದೆಯ ಅಂಚಿನಲ್ಲಿ ಪರಕೀಯರಾಗಿ ನಿಲ್ಲಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಹಣದ ವಿಷಯ. ಮಕ್ಕಳ ಚಿಕಿತ್ಸೆಗೆ ಕೊಡುವುದು ದೊಡ್ಡ ಕೆಲಸ. ಅದನ್ನು ಬೇಡವೆನ್ನಲು ನನಗೆ ಬಾಯಿಲ್ಲ. ಆದರೆ ಹರಕೆಯ ಹಣ ಎಲ್ಲಿಗೆ ಹೋಗುತ್ತದೆಂಬುದೂ ತಮಗೆ ತಿಳಿದಿರಲಿ. ಟಿಕೆಟ್ ಇಟ್ಟು ಡೇರೆ ಕಟ್ಟಿ ತಿರುಗುತ್ತಿದ್ದ ಮೇಳಗಳಲ್ಲಿ ಎಷ್ಟೋ ನಿಂತುಹೋದವು. ಸುರತ್ಕಲ್ ಮೇಳ, ಕರ್ನಾಟಕ ಮೇಳದಂಥ ದೊಡ್ಡ ಹೆಸರುಗಳೂ ಉಳಿಯಲಿಲ್ಲ. ಉಳಿದದ್ದು, ಬೆಳೆದದ್ದು ಹೆಚ್ಚಾಗಿ ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಹರಕೆ ಮೇಳಗಳು. ದೀಪಾವಳಿಯ ಬಳಿಕ ಹೊರಟು ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ನಮಗೆ ಸಂಬಳವಿರುವುದು ತಮ್ಮ ಅಪ್ಪನಂಥವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹೇಳಿಕೊಂಡ ಮಾತಿನಿಂದ. ಮಳೆಗಾಲದಲ್ಲಿ ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತೇವೆ, ಕೆಲವರು ತೋಟದ ಕೆಲಸಕ್ಕೆ ಹೋಗುತ್ತೇವೆ. ತಾವು ಪುಣೆಯಲ್ಲಿ ಕೇಳಿ ಮೈ ನವಿರೇಳಿಸಿಕೊಂಡ ಚೆಂಡೆಯನ್ನು ಯಾರೋ ಒಬ್ಬರ ಹರಕೆಯೇ ಅಲ್ಲಿಯವರೆಗೆ ಉಳಿಸಿಕೊಂಡು ಬಂದಿದೆ.

ಉತ್ತರ: ಕುಂಬಳೆ ಸೀಮೆಯ ಶಿಕ್ಷಕಿ

ಬಣ್ಣದ ವೇಷದವರ ಮಾತನ್ನು ಗೌರವದಿಂದ ಓದಿದೆ. ಆದರೂ ಪ್ರಶ್ನೆ ಕೇಳಿದವರ ಅಳುಕನ್ನು ಅಷ್ಟು ಬೇಗ ಸಮಾಧಾನಪಡಿಸಬಾರದು ಎಂದು ನನಗೆ ಅನಿಸುತ್ತದೆ. ಮುಖ್ಯವಾದ ಮಾತೆಂದರೆ, ತಾವು ನಂಬುವುದಿಲ್ಲ ಎಂಬುದನ್ನು ತಮ್ಮ ತಾಯಿಯವರಿಗೆ ಎಂದಾದರೂ ಹೇಳಿದ್ದೀರಾ? ಹೇಳಿರದಿದ್ದರೆ, ತೊಡಕಿರುವುದು ಆಟದಲ್ಲಲ್ಲ. ಹೇಳಿದ ಮೇಲೂ ಅವರು ಆ ರಶೀದಿಯನ್ನು ಕೈಗಿತ್ತಿದ್ದರೆ, ನಂಬಿಕೆಯಿಲ್ಲದ ಮಗನೇ ಆಟ ಆಡಿಸಲಿ ಎಂದು ತಿಳಿದೇ ಕೊಟ್ಟಿದ್ದಾರೆ. ಆಗ ಅಲ್ಲಿ ಸುಳ್ಳೆಂಬುದೇ ಉಳಿಯುವುದಿಲ್ಲ.

ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಬರೆದುಕೊಟ್ಟ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿದವಳು ನಾನು. ಈಗ ಕೇರಳಕ್ಕೆ ಸೇರಿದ ಈ ಕಾಸರಗೋಡಿನಲ್ಲಿ ನಮ್ಮ ಮಕ್ಕಳ ಕನ್ನಡವನ್ನು ಶಾಲೆಯ ಪಠ್ಯದಷ್ಟೇ ಆಟವೂ ತಾಳಮದ್ದಳೆಯೂ ಕಾಪಾಡಿವೆ. ಪೌರಾಣಿಕ ಪ್ರಸಂಗದ ಅರ್ಥಗಾರಿಕೆಯಲ್ಲಿ ಇಂಗ್ಲಿಷ್ ಶಬ್ದಕ್ಕೆ ಜಾಗವಿಲ್ಲ ಎಂಬ ಶಿಸ್ತನ್ನು ನನ್ನ ವಿದ್ಯಾರ್ಥಿಗಳು ಮೊದಲು ಕಂಡದ್ದು ರಂಗಸ್ಥಳದಲ್ಲಿ, ಬಳಿಕವೇ ತರಗತಿಯಲ್ಲಿ. ಆದ್ದರಿಂದ ಈ ಕಲೆಯ ಮೇಲೆ ನನಗಿರುವುದು ಕಡಿಮೆ ಪ್ರೀತಿಯಲ್ಲ. ಹಾಗಿದ್ದೂ ಕೇಳುತ್ತೇನೆ: ಇಡೀ ರಾತ್ರಿ ದೇವಿಯ ಮಹಿಮೆಯನ್ನು ಸಾರುವ ಹರಕೆ ಮೇಳಗಳ ರಂಗದ ಮೇಲೆ ಹೆಣ್ಣುಮಕ್ಕಳು ಎಲ್ಲಿದ್ದಾರೆ? ತೆಂಕುತಿಟ್ಟಿನ ಮೊದಲ ವೃತ್ತಿಪರ ಮಹಿಳಾ ಭಾಗವತರೆಂದು ಹೆಸರಾದ ಲೀಲಾವತಿ ಬೈಪಾಡಿತ್ತಾಯರು ಜಾಗಟೆ ಹಿಡಿದು ರಾತ್ರಿಗಳನ್ನು ಬೆಳಗಿಸಿ ತೋರಿಸಿದರು. ಇಂದು ಊರೂರಲ್ಲಿ ಹೆಣ್ಣುಮಕ್ಕಳ ಹವ್ಯಾಸಿ ತಂಡಗಳಿವೆ. ನಾನೂ ಒಂದರಲ್ಲಿ ದೇವಿಯ ವೇಷ ಮಾಡಿದ್ದೇನೆ. ಆದರೆ ಹರಕೆಯ ರಂಗಸ್ಥಳದಲ್ಲಿ ಉಯ್ಯಾಲೆಯ ಮೇಲೆ ಕೂರುವ ದೇವಿಯ ವೇಷವನ್ನು ಗಂಡಸರೇ ಕಟ್ಟುತ್ತಾರೆ. ಒಪ್ಪದವರಿಗೂ ಕಿರೀಟ ಕಟ್ಟುವ ಆಟವೆಂದು ಹೇಳಿದವರು ಇದನ್ನೂ ಯೋಚಿಸಬೇಕು.

ಇನ್ನೊಂದು ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು 2000ನೆಯ ಇಸವಿಯ ನಿಯಮಗಳು ನಿರ್ಬಂಧಿಸುತ್ತವೆ. ನಿಯಮವನ್ನು ಬದಿಗಿಟ್ಟರೂ, ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದವರಿರಬಹುದು, ಪರೀಕ್ಷೆಗೆ ಓದುವ ಮಗುವಿರಬಹುದು. ಒಂದು ಮಗು ಉಳಿದದ್ದಕ್ಕಾಗಿ ಆಡಿಸುವ ಆಟ ಇನ್ನೊಂದು ಮಗುವಿನ ನಿದ್ದೆ ಕೆಡಿಸಬಾರದು. ಕಾಲಮಿತಿಯ ಆಟವಾದರೆ ಹರಕೆಗೆ ಕೊರತೆಯಾಗುತ್ತದೆಂದು ಕೊರಗುವವರಿದ್ದಾರೆ. ನಾನು ಆ ಗುಂಪಿನವಳಲ್ಲ.

ತಾವು ಕೇಳಿದ ‘ಒಂದೇ ವಸ್ತುವೇ, ಎರಡೇ’ ಎಂಬ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ, ಒಂದು ನೆನಪು ಇದೆ. ದೇವರ ವಿಷಯದಲ್ಲಿ ಸಂದೇಹವನ್ನು ಎಂದೂ ಮುಚ್ಚಿಡದಿದ್ದ ಶಿವರಾಮ ಕಾರಂತರು ತಮ್ಮ ಬದುಕಿನ ದೊಡ್ಡ ಭಾಗವನ್ನು ಯಕ್ಷಗಾನಕ್ಕೆ ಕೊಟ್ಟರು. ಹಳೆಯ ಕಲಾವಿದರನ್ನು ಹುಡುಕಿಕೊಂಡು ಹೋದರು, ವೇಷ, ರಾಗ, ಹೆಜ್ಜೆಗಳನ್ನು ಬರೆದಿಟ್ಟರು. 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಅವರ ಯಕ್ಷಗಾನದ ಗ್ರಂಥಕ್ಕೇ. ನಂಬದವರು ಈ ಕಲೆಯ ಹೊಸ್ತಿಲಲ್ಲಿ ನಿಲ್ಲಬೇಕಾಗಿಲ್ಲ ಎಂಬುದನ್ನು ಅವರು ಮಾಡಿ ತೋರಿಸಿದ್ದಾರೆ. ಆದರೆ ಅವರಿಗೆ ತೀರಿಸಬೇಕಾದ ಹರಕೆ ಇರಲಿಲ್ಲ, ತಮಗೆ ಇದೆ. ಅಷ್ಟು ವ್ಯತ್ಯಾಸವನ್ನು ನಾನು ಅಳಿಸಲಾರೆ.

ಉತ್ತರ: ಮೂಲ್ಕಿ ಕಡೆಯವ

ನಮ್ಮೂರಿನ ಬಪ್ಪನಾಡು ಕ್ಷೇತ್ರದ ಐತಿಹ್ಯದಲ್ಲಿ ದುರ್ಗೆಗೆ ಗುಡಿ ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸಲ್ಮಾನ ವ್ಯಾಪಾರಿ. ಇಂದಿಗೂ ಜಾತ್ರೆಯಲ್ಲಿ ಆ ಮನೆತನದವರಿಗೆ ಪ್ರಸಾದ ಸಲ್ಲುತ್ತದೆ. ಆ ಕತೆ ಯಕ್ಷಗಾನದ ಪ್ರಸಂಗವಾಗಿ ಬಹಳ ಜನಪ್ರಿಯವಾಯಿತು. ಬಪ್ಪ ಬ್ಯಾರಿ ತನ್ನ ಮತವನ್ನು ಬಿಟ್ಟನೆಂದು ಕತೆ ಹೇಳುವುದಿಲ್ಲ. ಅವನು ತನ್ನ ನಮಾಜನ್ನು ಮಾಡಿಕೊಂಡೇ ಗುಡಿ ಕಟ್ಟಿಸಿದನೆಂದೇ ನಾವು ಬಾಲ್ಯದಿಂದ ಅರ್ಥಮಾಡಿಕೊಂಡು ಬಂದದ್ದು. ನಂಬಿಕೆ ಬೇರೆಯಾದವನು ಕಟ್ಟಿದ ಗುಡಿಯನ್ನು ಒಪ್ಪಿಕೊಂಡ ಈ ಮಣ್ಣು, ನಂಬಿಕೆಯಿಲ್ಲದವರು ಆಡಿಸಿದ ಆಟವನ್ನೂ ಒಪ್ಪುತ್ತದೆಂದು ನನಗೆ ತೋರುತ್ತದೆ.

ಉತ್ತರ: ಪುತ್ತೂರಿನ ಕೃಷಿಕ

ನನಗೆ 68 ವರ್ಷ. ಹೆಚ್ಚು ಬರೆಯುವ ಅಭ್ಯಾಸವಿಲ್ಲ. ಮೊಮ್ಮಗಳು ಈ ಪ್ರಶ್ನೆಯನ್ನು ಓದಿ ಹೇಳಿದಾಗ ಸುಮ್ಮನಿರಲು ಮನಸ್ಸಾಗಲಿಲ್ಲ. ಟೈಪು ಮಾಡುತ್ತಿರುವುದು ಅವಳೇ.

ನನ್ನ ಹೆಂಡತಿಗೆ ಕ್ಯಾನ್ಸರ್ ಎಂದು ತಿಳಿದಾಗ ನಾನೂ ಹರಕೆ ಹೇಳಿಕೊಂಡೆ. ಅವಳು ಉಳಿಯಲಿಲ್ಲ. ಹರಕೆಯೆಂದರೆ ಕೊಟ್ಟದ್ದಕ್ಕೆ ಕೊಡುವುದು ಎಂಬ ಲೆಕ್ಕ ಹಿಡಿದರೆ ನಾನು ಯಾರಿಗೂ ಏನೂ ಕೊಡಬೇಕಾಗಿರಲಿಲ್ಲ. ಅವಳು ಹೋಗಿ 11 ವರ್ಷವಾದ ಮೇಲೆ ಸರದಿ ಬಂತು. ಮಗ ಬೇಡವೆಂದ. ದಾಯಾದಿಗಳು, ಬಿಟ್ಟುಬಿಡು, ದೋಷವಿಲ್ಲ ಎಂದರು. ಮೂರು ದಿನ ಯೋಚಿಸಿ, ಆಡಿಸುತ್ತೇನೆಂದು ಹೇಳಿ ಕಳುಹಿಸಿದೆ.

ಏಕೆಂದು ಆಗ ನನಗೇ ತಿಳಿದಿರಲಿಲ್ಲ. ಆಟದ ಹಿಂದಿನ ದಿನ ತಿಳಿಯಿತು. ಕೊಯ್ಲು ಮುಗಿದ ಗದ್ದೆಯಲ್ಲಿ ಕೂಳೆ ಕೆರೆದು ನೆಲ ತಟ್ಟಲು ಕರೆಯದೆಯೇ ಹನ್ನೆರಡು ಮಂದಿ ಬಂದರು. ಎರಡು ವರ್ಷದಿಂದ ಬೇಲಿಯ ತಕರಾರಿನಲ್ಲಿ ನನ್ನೊಡನೆ ಮಾತು ಬಿಟ್ಟಿದ್ದ ನೆರೆಯವರು ಎರಡು ಗೊನೆ ಬಾಳೆಕಾಯಿ ತಂದು ಅಂಗಳದಲ್ಲಿಟ್ಟು, ಏನೂ ಹೇಳದೆ ತರಕಾರಿ ಹಚ್ಚಲು ಕೂತರು. ಸಂಜೆ ಅಬ್ಬರದ ಚೆಂಡೆ ಗುಡ್ಡದಾಚೆಗೆ ಕೇಳಿಸಿದ್ದೇ ತಡ, ಅವಳ ತವರಿನವರು, ಅವಳ ಜೊತೆ ಬೀಡಿ ಕಟ್ಟುತ್ತಿದ್ದ ಹೆಂಗಸರು, ಅವಳು ಬಾಣಂತನ ಮಾಡಿದ್ದ ಮನೆಗಳವರು ಒಬ್ಬೊಬ್ಬರಾಗಿ ಗದ್ದೆಗೆ ಇಳಿದು ಬಂದರು. ಉತ್ತರಕ್ರಿಯೆಯ ಬೊಜ್ಜದ ದಿನ ಅವರೆಲ್ಲ ಬಂದಿದ್ದರು, ಆದರೆ ಆ ದಿನ ಯಾರೂ ಅವಳ ವಿಷಯ ಮಾತಾಡಿರಲಿಲ್ಲ. ಆಟದ ರಾತ್ರಿ, ವೇಷ ಬದಲಾಗುವ ನಡುವೆ, ಚಹಾದ ಲೋಟ ಹಿಡಿದು ಅವಳ ಮಾತನ್ನೇ ಆಡಿದರು. ಬೆಳಗಿನ ಜಾವ ರಕ್ತಬೀಜನ ವಧೆಯ ಹೊತ್ತಿಗೆ ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೆ ಗೊತ್ತಿಲ್ಲ.

ನಾನು ನಂಬುವವನು, ಈಗಲೂ. ಆದರೆ ಆ ರಾತ್ರಿ ನನ್ನ ನಂಬಿಕೆಗೆ ದೇವಿಯಿಂದ ಉತ್ತರ ಸಿಕ್ಕಿತೆಂದು ನಾನು ಹೇಳಲಾರೆ. ಯಾಕೆ ಅವಳನ್ನು ಉಳಿಸಲಿಲ್ಲ ಎಂಬುದು ಇಂದಿಗೂ ನನಗೂ ಅಮ್ಮನವರಿಗೂ ನಡುವೆ ಇರುವ ಮಾತು. ಮಗನೇ, ನಿನ್ನ ಅಪ್ಪ ಹೇಳಿಕೊಂಡದ್ದು ನಿನ್ನ ಮನಸ್ಸಿನೊಳಗಿನ ನಂಬಿಕೆಯನ್ನಲ್ಲ. ಒಂದು ರಾತ್ರಿ ಗದ್ದೆಯಲ್ಲಿ ದೀಪ ಉರಿಯಬೇಕು, ಬಂದವರಿಗೆ ಊಟ ಆಗಬೇಕು, ಆಟ ಆಗಬೇಕು ಎಂದು. ಅಷ್ಟನ್ನು ನೀನು ಕೊಡಬಲ್ಲೆ. ಶಿಕ್ಷಕಿಯವರು ಹೇಳಿದಂತೆ ಮೊದಲು ಅಮ್ಮನೊಡನೆ ಕೂತು ಮಾತಾಡು. ಬೈಯುತ್ತಾರೆ ಎಂದು ಹೆದರಬೇಡ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಶಿಕ್ಷಕಿಯವರ ಪ್ರಶ್ನೆ ನೇರವಾಗಿ ನನ್ನನ್ನು ತಾಕಿತು. ನಾನು ಹೇಳಿರಲಿಲ್ಲ. ಕಳೆದ ಶನಿವಾರ ಊರಿಗೆ ಹೋಗಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದು, “ನಿನಗೆ ನಂಬಿಕೆ ಇಲ್ಲವೆಂದು ನಿನ್ನ ಅಪ್ಪನಿಗೂ ಗೊತ್ತಿತ್ತು. ‘ಅವನು ಬದುಕಿದ್ದಾನಲ್ಲ, ಇಲ್ಲ ಎನ್ನುವುದಕ್ಕಾದರೂ’ ಎನ್ನುತ್ತಿದ್ದರು” ಎಂದರು. ನನಗೆ ಮಾತು ಹೊರಡಲಿಲ್ಲ.

ಆಟ ಆಡಿಸುತ್ತಿದ್ದೇವೆ. ಸುತ್ತಲಿನ ಮನೆಗಳಿಗೆ ಅಮ್ಮನೂ ನಾನೂ ಹೋಗಿ ಕೇಳಿದೆವು. ಒಂದು ಮನೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದವರಿದ್ದಾರೆ, ಆದ್ದರಿಂದ ಸಂಜೆ ಬೇಗ ಆರಂಭಿಸಿ ಕಾಲಮಿತಿಯಲ್ಲಿ ಮುಗಿಸುವುದೆಂದು ನಿಶ್ಚಯಿಸಿದ್ದೇವೆ. ಚೌಕಿಯಲ್ಲಿ ಅಮ್ಮನ ಪಕ್ಕದಲ್ಲಿ ನಿಲ್ಲುತ್ತೇನೆ. ನನ್ನ ಹೆಸರಿನ ಬದಲು ಅಪ್ಪನ ಹೆಸರು ಹೇಳಿ ಪ್ರಾರ್ಥನೆ ಮಾಡಬಹುದೇ ಎಂದು ಮೇಳದವರನ್ನು ಕೇಳಿಕೊಳ್ಳುತ್ತೇನೆ. ಮಕ್ಕಳ ಚಿಕಿತ್ಸೆಗೆಂದು ಯೋಚಿಸಿದ್ದ ಹಣವನ್ನೂ ಈ ವರ್ಷವೇ ಬೇರೆಯಾಗಿ ಕೊಡುತ್ತೇನೆ. ಒಂದರ ಬದಲು ಇನ್ನೊಂದು ಎಂಬ ಲೆಕ್ಕವನ್ನು ಬಿಟ್ಟಿದ್ದೇನೆ.

ಬಣ್ಣದ ವೇಷದವರಲ್ಲಿ ಒಂದು ಪ್ರಶ್ನೆ. ಮಹಿಷಾಸುರ ಜನರ ನಡುವಿನಿಂದ ಬರುವಂತೆ ಮಾಡಲು ನಮ್ಮ ಕಡೆಯಿಂದ ಏನು ಸಿದ್ಧವಿರಬೇಕು?

ಉತ್ತರ: ಬಣ್ಣದ ವೇಷದವ, 22ನೆಯ ತಿರುಗಾಟ

ಬಹಳ ಸಂತೋಷ. ಅಪ್ಪನವರ ಹೆಸರು ಹೇಳಿಸುವುದಕ್ಕೆ ಅಡ್ಡಿಯಿರಲಾರದು. ಪೂಜೆಗೆ ಮುಂಚೆಯೇ ಒಂದು ಮಾತು ತಿಳಿಸಿಡಿ. ಹೆಣ್ಣುಮಕ್ಕಳ ವಿಷಯದಲ್ಲಿ ಶಿಕ್ಷಕಿಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ನನ್ನ ಮಗಳೇ ಮನೆಯಲ್ಲಿ ಅದನ್ನು ಕೇಳುತ್ತಿದ್ದಾಳೆ, ನನ್ನಲ್ಲಿ ಉತ್ತರವಿಲ್ಲ.

ಸಿದ್ಧತೆಯ ವಿಷಯ: ತೆಂಗಿನ ಒಣಗರಿಯ ಸೂಟೆಗಳು ಧಾರಾಳವಾಗಿರಲಿ, ಹಿಂದಿನ ದಿನವೇ ಬಿಗಿಯಾಗಿ ಕಟ್ಟಿಸಿಡಿ. ಗದ್ದೆಯ ಹುಣಿಯಿಂದ (ಬದುವಿನಿಂದ) ರಂಗಸ್ಥಳದವರೆಗೆ ನಾಲ್ಕು ಮಂದಿ ಅಕ್ಕಪಕ್ಕ ನಡೆಯುವಷ್ಟು ದಾರಿ ಬಿಡಿ, ಅಲ್ಲಿ ಒಣಹುಲ್ಲು ಒಂದು ಎಳೆಯೂ ಇರಬಾರದು, ಮೇಲೆ ವಿದ್ಯುತ್ ತಂತಿ ಜೋತಾಡಬಾರದು. ಎರಡು ಕೊಡ ನೀರು ಬದಿಯಲ್ಲಿರಲಿ. ಸಣ್ಣ ಮಕ್ಕಳನ್ನು ದಾರಿಯ ಅಂಚಿನಲ್ಲಿ ಕೂರಿಸಬೇಡಿ, ಆದರೆ ತೀರಾ ದೂರವೂ ಕೂರಿಸಬೇಡಿ. ಅವರು ಒಮ್ಮೆ ಹೆದರಿ ತಾಯಿಯ ಸೆರಗು ಹಿಡಿಯಬೇಕು. ತಾವು ಬೇಕಾದರೆ ಒಂದು ಸೂಟೆ ಹಿಡಿದು ನನ್ನ ಜೊತೆಯಲ್ಲೇ ನಡೆಯಬಹುದು. ಮನೆಯವರು ಹಿಡಿಯುವುದುಂಟು.